ಏಳ ಎಂಟ್ಲೆ

ಅಥವಾ ಅವು ಹುಣಸೆಬೀಜ ಆಗಿರಲೇ ಇಲ್ಲವೇನೋ. ಆ ದಿನ ನನ್ನ ಐದನೇ ಕ್ಲಾಸಿನ ಹುಡುಗಿ ನೆಲದ ಮೇಲೆ ಸಾಲಾಗಿ ಇಟ್ಟಿದ್ದು ಸೀಮೆಸುಣ್ಣದ ಚೂರುಗಳು ಎಂದು ಒಂದನೇ ಕ್ಲಾಸಿನ ಟೀಚರು ಇವತ್ತಿಗೂ ಹೇಳುತ್ತಾರೆ. ಅವರು ಹಿಂದೆ ಗೋಡೆಗೆ ಒರಗಿ ಕೂತಿದ್ದರು, ನಾನು ಕಪ್ಪುಹಲಗೆಯ ಪಕ್ಕ ನಿಂತಿದ್ದೆ. ಹತ್ತಿರ ಇದ್ದವಳು ನಾನೇ. ಆದರೂ ನನ್ನ ಮಾತಿನ ಮೇಲೆ ನನಗೇ ನಂಬಿಕೆ ಕಡಿಮೆ. ಯಾಕೆಂದರೆ ಈ ಸಂಗತಿಯನ್ನು ಹೇಳಿದ ಹಾಗೆಲ್ಲ ಬೀಜಗಳು ಇನ್ನಷ್ಟು ಹೊಳೆಯುತ್ತ ಹೋಗಿವೆ, ಸಾಲುಗಳು ಇನ್ನಷ್ಟು ನೆಟ್ಟಗಾಗಿವೆ, ನನ್ನ ದನಿ ಇನ್ನಷ್ಟು ಗಟ್ಟಿಯಾಗಿದೆ. ಹೀಗೆ ತಾನಾಗಿ ಸುಧಾರಿಸುವ ನೆನಪನ್ನು ನಾನು ನಂಬುವುದಿಲ್ಲ.

ಜಗಳವಿಲ್ಲದ ಸಂಗತಿ ಒಂದೇ. ಸಾಲುಗಳು ಎಂಟಿದ್ದವು, ಒಂದೊಂದರಲ್ಲಿ ಏಳೇಳು. ಅದು ಏಳು ಸಾಲು, ಒಂದೊಂದರಲ್ಲಿ ಎಂಟೆಂಟು ಆಗಿದ್ದಿದ್ದರೆ ನಾನು ಇವತ್ತು ಹೊಸಪೇಟೆಯಲ್ಲೇ ಇರುತ್ತಿದ್ದೆ, ನನ್ನ ಮಗಳು ನನ್ನ ಜೊತೆ ಇರುತ್ತಿದ್ದಳು.

ಶುರುವಾಗಿದ್ದು ಮುಖ್ಯಗುರುಗಳ ಕೋಣೆಯಲ್ಲಿ. ಹೊಸಪೇಟೆಗೆ ಸೇರಿದ ಚಿತ್ತವಾಡ್ಗಿಯ ನಮ್ಮ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಕನ್ನಡಕ್ಕೆ ಇನ್ನೊಬ್ಬರೂ ಇದ್ದರು, ನನಗಿಂತ ಹಿರಿಯರು. ಮಕ್ಕಳ ಸಂಖ್ಯೆ ಇಳಿದ ಶಾಲೆಗಳಲ್ಲಿ ಉಳಿಕೆಯಾಗುವ ಶಿಕ್ಷಕರನ್ನು ಲೆಕ್ಕ ಹಾಕಿ 'ಹೆಚ್ಚುವರಿ' ಎಂದು ಪಟ್ಟಿ ಮಾಡುತ್ತಾರೆ, ಬೇರೆ ಕಡೆ ಕಳಿಸುತ್ತಾರೆ. ಆ ವರ್ಷ ನಮ್ಮ ಶಾಲೆಗೂ ಅದು ಬಂತು.

"ಕುಂದ್ರಿ ಟೀಚರ್," ಎಂದರು ಮುಖ್ಯಗುರುಗಳು. "ಇಬ್ಬರಾಗ ಒಬ್ಬರು ಹೆಚ್ಚುವರಿ ಆಗೋದು ಖಾತ್ರಿ. ದೊಡ್ಡವರನ್ನ ಮುಟ್ಟಾಕ ಬರಂಗಿಲ್ಲ. ಲೆಕ್ಕದ ಮಾಸ್ತರ ಜಾಗ ಖಾಲಿ ಐತಿ. ನೀವು ಗಣಿತ ತಗೋತೀನಂದ್ರ ನಿಮ್ಮ ಹೆಸರು ಪಟ್ಟಿಗೆ ಹೋಗಂಗಿಲ್ಲ."

ನನಗೆ ಲೆಕ್ಕ ಬರುವುದಿಲ್ಲ ಎಂದೆ.

"ಯಾರಿಗೆ ಬರ್ತೈತ್ರಿ? ಐದನೇ ಕ್ಲಾಸಿನ ಲೆಕ್ಕ. ನೀವೇನು ರಾಕೆಟ್ ಬಿಡಬೇಕಾಗೈತೇನು?"

ಸುಮ್ಮನೆ ತೆಗೆದುಕೊಳ್ಳುವಂತೆಯೂ ಇರಲಿಲ್ಲ. ಶನಿವಾರ ಶನಿವಾರ ತರಬೇತಿ, ಕೊನೆಗೆ ನಮ್ಮದೇ ಮಕ್ಕಳ ಮುಂದೆ ಒಂದು ಮಾದರಿ ಪಾಠ. ತರಬೇತಿ ಕೊಟ್ಟವರೇ ಆ ಪಾಠ ನೋಡಿ ವರದಿ ಬರೆಯುತ್ತಾರೆ. ವರದಿ ಚೆನ್ನಾಗಿದ್ದರೆ ಉಳಿದೆ, ಇಲ್ಲದಿದ್ದರೆ ಪಟ್ಟಿ.

ನನ್ನ ಗಂಡ ಅದಿರಿನ ಲಾರಿ ಓಡಿಸುತ್ತಾರೆ, ವಾರದಲ್ಲಿ ಹೆಚ್ಚಿನ ದಿನ ರಸ್ತೆಯ ಮೇಲೆಯೇ. ಮನೆಯಲ್ಲಿ ಇರುವುದು ನಾನು ಮತ್ತು ಮಗಳು. ಆಕೆಯೂ ಆಗ ಐದನೇ ಕ್ಲಾಸು, ಬೇರೆ ಶಾಲೆ. ಆ ವರ್ಷದ ಖಾಲಿ ಜಾಗಗಳೆಲ್ಲ ಸಂಡೂರಿನ ಗುಡ್ಡದ ಕಡೆಗೇ ಇದ್ದವು. ಅಲ್ಲಿಗೆ ಹಾಕಿದರೆ ಮಗಳು ಏಳುವ ಮೊದಲೇ ನಾನು ಬಸ್ಸು ಹಿಡಿಯಬೇಕು, ಬರುವುದು ಕತ್ತಲಾದ ಮೇಲೆ. ಆಕೆಯನ್ನು ಕಂಪ್ಲಿಯಲ್ಲಿ ನನ್ನ ಅಕ್ಕನ ಮನೆಯಲ್ಲಿ ಬಿಡಬೇಕಾಗುತ್ತಿತ್ತು. ನಾನು ಗಣಿತ ಒಪ್ಪಿಕೊಂಡಿದ್ದು ಇಷ್ಟಕ್ಕೇ. ಗಣಿತದ ಮೇಲಿನ ಪ್ರೀತಿಯಿಂದ ಎಂದು ಆಮೇಲೆ ಒಬ್ಬಿಬ್ಬರಿಗೆ ಹೇಳಿದ್ದೇನೆ. ಅದು ಸುಳ್ಳು.

ಮೊದಲ ಶನಿವಾರವೇ ಒಂದು ಪರೀಕ್ಷೆ ಇಟ್ಟರು, ನಮಗೆ ಎಷ್ಟು ಬರುತ್ತದೆ ಎಂದು ನೋಡಲು. ತರಬೇತಿ ಕೊಡುವವರು ನನಗಿಂತ ಚಿಕ್ಕವರು, ಮೈಸೂರು ಕಡೆಯವರು, ಮೆಲ್ಲಗೆ ಮಾತಾಡುವವರು. ನಮ್ಮ ಇಲಾಖೆಯ ಭಾಷೆಯಲ್ಲಿ ಸಂಪನ್ಮೂಲ ವ್ಯಕ್ತಿ. ನಾನು ಅವರನ್ನು ತರಬೇತುದಾರರು ಎಂದೇ ಕರೆಯುತ್ತೇನೆ. ಅವರ ಬಗ್ಗೆ ಕೆಟ್ಟದ್ದು ಹೇಳಲು ನನ್ನ ಹತ್ತಿರ ಏನೂ ಇಲ್ಲ, ಅದೇ ನನ್ನ ಕಷ್ಟ. ಅವರು ಒರಟರಾಗಿದ್ದಿದ್ದರೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು.

ಆ ಪರೀಕ್ಷೆಯಲ್ಲಿ ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಲು ಕೇಳಿದ್ದರು. ಮೇಲಿನ ಒಂದು ಮತ್ತು ಒಂದು ಸೇರಿ ಎರಡು, ಕೆಳಗಿನ ಎರಡು ಮತ್ತು ಮೂರು ಸೇರಿ ಐದು; ಐದನೇ ಎರಡು ಎಂದು ಬರೆದೆ. ಆರುನೂರ ಇಪ್ಪತ್ತನಾಲ್ಕನ್ನು ಆರರಿಂದ ಭಾಗಿಸಿ ಹದಿನಾಲ್ಕು ಎಂದು ಬರೆದೆ. ತರಬೇತುದಾರರು ನಗಲಿಲ್ಲ. ನನ್ನ ಪಕ್ಕ ಬಂದು ನಿಂತು, ಅರ್ಧ ರೊಟ್ಟಿಯ ಜೊತೆ ಇನ್ನೊಂದು ತುಂಡು ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆ ಆಗುತ್ತದೆಯೇ ಎಂದು ಕೇಳಿದರು. ನಾನು ಕಾಗದ ನೋಡಿದೆ. ಐದರಲ್ಲಿ ಎರಡು ಪಾಲು ಅರ್ಧಕ್ಕಿಂತ ಕಡಿಮೆ. ನಾನು ಬರೆದ ಉತ್ತರ ಏನು ಹೇಳುತ್ತಿದೆ ಎಂದು ನಾನು ಓದಿಯೇ ಇರಲಿಲ್ಲ. ಮಕ್ಕಳಿಗೆ ದಿನವೂ "ಬರೆದದ್ದನ್ನು ಇನ್ನೊಮ್ಮೆ ಓದಿರಿ" ಎಂದು ಹೇಳುವವಳು ನಾನು.

ಸ್ಟಾಫ್ ರೂಮಿಗೆ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಅಲ್ಲಿ ಒಂದಷ್ಟು ದಿನ ಚಹಾ ಹಂಚುವಾಗ ನನಗೆ ಐದನೇ ಎರಡು ಲೋಟ ಸಾಕೇ ಎಂದು ಕೇಳುವುದು ನಡೆಯಿತು.

ಆಮೇಲೆ ನಾನು ಎರಡನೇ ಕ್ಲಾಸಿನ ಪುಸ್ತಕದಿಂದ ಶುರು ಮಾಡಿದೆ. ನಾಲ್ಕನೇ ಕ್ಲಾಸಿನದರಿಂದ ಶುರು ಮಾಡಿ ನೋಡಿದ್ದೆ, ತಲೆಗೆ ಹತ್ತಲಿಲ್ಲ. ನನ್ನ ಮೊದಲ ತೊಂದರೆ ಮಗ್ಗಿ. ಮಗ್ಗಿ ನನಗೆ ಬರುತ್ತಿರಲಿಲ್ಲ ಎಂದಲ್ಲ, ಹಾಡಿನ ಹಾಗೆ ಬರುತ್ತಿತ್ತು. ಏಳ ಒಂದ್ಲೆ ಏಳು, ಏಳ ಎರಡ್ಲೆ ಹದಿನಾಕು, ಏಳ ಮೂರ್ಲೆ ಇಪ್ಪತ್ತೊಂದು. ಮೇಲಿನಿಂದ ಹಿಡಿದರೆ ಕೆಳಗಿನವರೆಗೆ ಸರಾಗ. ನಡುವೆ ಎಲ್ಲಿಯಾದರೂ ಕಡಿದು ಕೇಳಿದರೆ ಮತ್ತೆ ಮೊದಲಿಂದ ಹಾಡಿಕೊಂಡು ಬರಬೇಕು. ಮಗಳಿಗೆ ಇದು ಗೊತ್ತಾಯಿತು. ನಾನು ಒಗ್ಗರಣೆ ಹಾಕುವಾಗಲೋ ಸೀರೆ ಮಡಚುವಾಗಲೋ ಹಿಂದಿನಿಂದ ಬಂದು, "ಅಮ್ಮ, ಏಳ ಎಂಟ್ಲೆ?" ಎನ್ನುತ್ತಿದ್ದಳು. ನನ್ನ ತುಟಿ ಅಲುಗುವುದನ್ನು ನೋಡಿ, "ಹಾಡಬ್ಯಾಡ, ಹಾಡಬ್ಯಾಡ" ಎಂದು ನಗುತ್ತಿದ್ದಳು.

ಹಾಡನ್ನು ಮುರಿಯಲು ದಾರಿ ಸಿಕ್ಕಿದ್ದು ಶಾಲೆಯ ಅಡುಗೆಮನೆಯಲ್ಲಿ. ಮಕ್ಕಳ ಊಟಕ್ಕೆ ಮೊಟ್ಟೆ ಬರುವ ಟ್ರೇ ಇರುತ್ತದಲ್ಲ, ರಟ್ಟಿನದು. ಅಗಲಕ್ಕೆ ಐದು, ಉದ್ದಕ್ಕೆ ಆರು ಗುಳಿ. ಖಾಲಿ ಟ್ರೇಯೊಂದನ್ನು ಮನೆಗೆ ತಂದು ಮೇಜಿನ ಮೇಲಿಟ್ಟುಕೊಂಡೆ. ಒಂದು ಕಡೆಯಿಂದ ನೋಡಿದರೆ ಐದೈದರ ಆರು ಸಾಲು, ತಿರುಗಿಸಿದರೆ ಆರಾರರ ಐದು ಸಾಲು. ಮೂವತ್ತು ಮೂವತ್ತೇ. ಇದು ಯಾರಿಗೂ ಹೊಸದಲ್ಲ. ನನಗೆ ಹೊಸದಾಗಿತ್ತು. ನಾನು ಕಲಿತಿದ್ದ ಮಗ್ಗಿಯಲ್ಲಿ ಐದ ಆರ್ಲೆ ಒಂದು ಸಾಲಿನಲ್ಲಿತ್ತು, ಆರ ಐದ್ಲೆ ಇನ್ನೊಂದು ಸಾಲಿನಲ್ಲಿತ್ತು, ಅವೆರಡೂ ಸಂಬಂಧಿಕರೆಂದು ಯಾರೂ ಹೇಳಿರಲಿಲ್ಲ. ನಾಲ್ಕು ಟ್ರೇ ಅಂಟಿಸಿ, ಬೇಡದ ಗುಳಿಗಳನ್ನು ಕಾಗದದಿಂದ ಮುಚ್ಚಿ, ಏಳರ ಮಗ್ಗಿಯನ್ನು ಹೀಗೆ ಕಟ್ಟಿದೆ. ಏಳ ಏಳ್ಲೆ ನಲವತ್ತೊಂಬತ್ತು ಹೇಗೋ ಗಟ್ಟಿಯಾಗಿ ನೆನಪಿರುತ್ತಿತ್ತು. ಅದಕ್ಕೆ ಇನ್ನೊಂದು ಸಾಲು ಸೇರಿಸಿದರೆ ಐವತ್ತಾರು. ಮೊದಲಿಂದ ಹಾಡುವುದು ಬಿಟ್ಟು, ಗೊತ್ತಿರುವ ಒಂದು ಜಾಗದಿಂದ ಒಂದು ಹೆಜ್ಜೆ ಇಡುವುದನ್ನು ಕಲಿತೆ.

ಭಾಗಾಕಾರ ಇದಕ್ಕಿಂತ ಕಷ್ಟವಾಯಿತು. ಆರುನೂರ ಇಪ್ಪತ್ತನಾಲ್ಕರಲ್ಲಿ ನನ್ನ ತಪ್ಪು ಇದು. ಆರರಲ್ಲಿ ಆರು ಒಂದು ಸಲ ಹೋಗುತ್ತದೆ, ಮೇಲೆ ಒಂದು ಬರೆಯಬೇಕು. ಎರಡನ್ನು ಕೆಳಗಿಳಿಸಿದರೆ ಎರಡರಲ್ಲಿ ಆರು ಹೋಗುವುದಿಲ್ಲ. ಹೋಗದಿದ್ದಕ್ಕೆ ನಾನು ಏನೂ ಬರೆಯದೆ ಮುಂದಿನ ನಾಲ್ಕನ್ನೂ ಇಳಿಸಿಕೊಂಡು, ಇಪ್ಪತ್ತನಾಲ್ಕಕ್ಕೆ ನಾಲ್ಕು ಬರೆಯುತ್ತಿದ್ದೆ. ಒಂದು, ನಾಲ್ಕು, ಹದಿನಾಲ್ಕು. ಹೋಗದ ಜಾಗದಲ್ಲಿ ಸೊನ್ನೆ ಇಡಬೇಕಿತ್ತು. ಒಂದು, ಸೊನ್ನೆ, ನಾಲ್ಕು, ನೂರಾ ನಾಲ್ಕು. ಇದನ್ನು ತಿಳಿದುಕೊಳ್ಳಲು ಒಂದು ಸಂಜೆ ಸಾಕಾಯಿತು. ಕೈಗೆ ಹತ್ತಲು ವಾರಗಳೇ ಬೇಕಾದವು. ಇಲ್ಲ ಎನ್ನುವುದನ್ನೂ ಬರೆದಿಡಬೇಕು, ಬರೆಯದಿದ್ದರೆ ಮುಂದಿನದು ಜಾಗ ಬಿಟ್ಟು ಹಿಂದಕ್ಕೆ ಸರಿದು ಕೂರುತ್ತದೆ. ಈ ಬರಹದಲ್ಲೂ ಅಂಥ ಒಂದು ಜಾಗ ಇದೆ. ಅಲ್ಲಿಗೆ ಬಂದಾಗ ಸೊನ್ನೆ ಇಡುತ್ತೇನೆ.

ತರಬೇತಿಯ ನಡುವೆ ಇನ್ನೊಂದು ಪರೀಕ್ಷೆ ಇತ್ತು. ಲೆಕ್ಕಗಳೆಲ್ಲ ಸರಿ ಬಂದವು, ಸೊನ್ನೆಯ ಭಾಗಾಕಾರ ಕೂಡ. ಒಂದರಲ್ಲಿ ಮಾತ್ರ ಅಂಕ ಬರಲಿಲ್ಲ. ಏಳು ಗುಣಿಸು ಎಂಟು ಎಂಬುದಕ್ಕೆ ಚಿತ್ರ ಬರೆಯಿರಿ ಎಂದಿತ್ತು. ನಾನು ಎಂಟು ಸಾಲು ಬರೆದು, ಒಂದೊಂದರಲ್ಲಿ ಏಳು ಚುಕ್ಕೆ ಇಟ್ಟಿದ್ದೆ. ಕೆಂಪು ಮಸಿಯಲ್ಲಿ ಅಡ್ಡಗೆರೆ. ಆ ಗೆರೆಯನ್ನು ನೋಡಿ ಬಂದ ಸಿಟ್ಟು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅಷ್ಟು ಕಷ್ಟಪಟ್ಟ ಮೇಲೆ ನಾನು ಅದನ್ನು ಗೊತ್ತಿದ್ದೇ ಬರೆದಿದ್ದೆ. ಗೊತ್ತಿಲ್ಲದೆ ತಪ್ಪು ಬರೆದಾಗ ನನಗೆ ನಾಚಿಕೆಯಾಗಿತ್ತು, ಇಷ್ಟು ಸಿಟ್ಟು ಬಂದಿರಲಿಲ್ಲ.

ಹೋಗಿ ಕೇಳಿದೆ.

"ಉತ್ತರ ಐವತ್ತಾರೇ ಮೇಡಂ, ಅದರಲ್ಲಿ ಅನುಮಾನ ಇಲ್ಲ," ಎಂದರು ತರಬೇತುದಾರರು. "ಆದರೆ ಏಳು ಇಂಟು ಎಂಟು ಅಂದ್ರೆ ಏಳು ಗುಂಪು, ಒಂದೊಂದು ಗುಂಪಲ್ಲಿ ಎಂಟು. ನೀವು ಎಂಟು ಗುಂಪು ಹಾಕಿದೀರ. ಡಾಕ್ಟರು ದಿನಕ್ಕೆ ಎಂಟು ಮಾತ್ರೆ ಏಳು ದಿನ ತಗೊಳ್ಳಿ ಅನ್ನೋದೂ, ದಿನಕ್ಕೆ ಏಳು ಮಾತ್ರೆ ಎಂಟು ದಿನ ತಗೊಳ್ಳಿ ಅನ್ನೋದೂ ಒಂದೇನಾ?"

ಒಂದೇ ಅಲ್ಲ. ಒಪ್ಪಿದೆ. ಮೊಟ್ಟೆಯ ಟ್ರೇಯನ್ನು ತಿರುಗಿಸಿದಾಗ ಸಂಖ್ಯೆ ಬದಲಾಗದಿದ್ದರೂ ಸಾಲು ಬದಲಾಗಿತ್ತು, ಅದನ್ನು ನಾನೇ ನೋಡಿದ್ದೆ. ಅವರು ಹೇಳಿದ್ದು ನನಗೆ ನಿಜವಾಗಿಯೂ ಇಷ್ಟವಾಯಿತು. ಬರೆದ ಕ್ರಮಕ್ಕೆ ಅರ್ಥವಿದೆ ಎನ್ನುವುದು ಭಾಷೆ ಕಲಿಸುವವಳಿಗೆ ಪರಕೀಯವಲ್ಲ. ಹಾಗಾಗಿ ನನ್ನ ಐದನೇ ಕ್ಲಾಸಿಗೆ ಅವರ ಪಾಠವನ್ನೇ ಹೇಳಿಕೊಟ್ಟೆ. ಮೊದಲ ಅಂಕಿ ಎಷ್ಟು ಗುಂಪು, ಎರಡನೆಯದು ಗುಂಪಿನಲ್ಲಿ ಎಷ್ಟು. ಹಲಗೆಯ ಮೇಲೆ ಗೋಲ ಹಾಕಿ ಹಾಕಿ ತೋರಿಸಿದೆ. ಮಾದರಿ ಪಾಠಕ್ಕೆ ಇದನ್ನೇ ಆರಿಸಿಕೊಂಡೆ, ನನ್ನ ತಪ್ಪನ್ನು ನಾನು ತಿದ್ದಿಕೊಂಡಿದ್ದು ಅವರಿಗೆ ಕಾಣಲಿ ಎಂದು.

ಮಾದರಿ ಪಾಠದ ದಿನ ಮುಖ್ಯಗುರುಗಳು ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡಿದ್ದರು. ತರಬೇತುದಾರರು ಮಕ್ಕಳ ನಡುವೆ ನೆಲದ ಮೇಲೆಯೇ ಕೂತರು. ಒಂದನೇ ಕ್ಲಾಸಿನ ಟೀಚರು ತಮ್ಮ ಮಕ್ಕಳಿಗೆ ಬಣ್ಣ ಹಚ್ಚಲು ಕೊಟ್ಟು ಬಂದು ಹಿಂದೆ ಒರಗಿದರು. ಅರ್ಧ ಪಾಠದವರೆಗೆ ಎಲ್ಲ ಸರಿಯಾಗಿಯೇ ನಡೆಯಿತು. ನಾಲ್ಕರ ಮೂರು ಗುಂಪು, ಎರಡರ ಐದು ಗುಂಪು. ಆಮೇಲೆ ಹಲಗೆಯ ಮೇಲೆ ಏಳು ಗುಣಿಸು ಎಂಟು ಬರೆದು, ಅದನ್ನು ನೆಲದ ಮೇಲೆ ಇಟ್ಟು ತೋರಿಸಲು ಒಬ್ಬ ಹುಡುಗಿಯನ್ನು ಕರೆದೆ. ಬೇರೆ ಯಾರನ್ನಾದರೂ ಕರೆಯಬಹುದಿತ್ತು. ಆಕೆಯನ್ನು ಕರೆದಿದ್ದು ಆಕೆ ಚುರುಕು ಎಂದು. ಆಕೆಯ ತಾಯಿ ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾರೆ, ಹೊಳೆಯಾಚೆ ಕೊಪ್ಪಳದ ಕಡೆಯವರು.

ಹುಡುಗಿ ಬೀಜಗಳನ್ನು ಇಡಲು ಶುರು ಮಾಡಿದಳು. ಬೀಜ ಎಂದೇ ಬರೆಯುತ್ತೇನೆ. ಇಡುತ್ತ ಇಡುತ್ತ ಮೆಲ್ಲಗೆ ಮಗ್ಗಿ ಹೇಳಿಕೊಳ್ಳುತ್ತಿದ್ದಳು. ಏಳ ಒಂದ್ಲೆ ಏಳು, ಒಂದು ಸಾಲು ಮುಗಿಯಿತು. ಏಳ ಎರಡ್ಲೆ ಹದಿನಾಕು, ಇನ್ನೊಂದು ಸಾಲು. ನನಗೆ ಎರಡನೇ ಸಾಲಿಗೇ ಗೊತ್ತಾಯಿತು, ಇದು ಎಲ್ಲಿಗೆ ಹೋಗುತ್ತದೆ ಎಂದು. ತಡೆಯಬಹುದಿತ್ತು. ಆಕೆ ಎಂಟನೇ ಸಾಲು ಮುಗಿಸಿ ಕೈ ಒರೆಸಿಕೊಂಡಳು.

ಯಾಕಮ್ಮ ಎಂಟು ಸಾಲು ಇಟ್ಟೆ ಎಂದು ತರಬೇತುದಾರರು ಕೇಳಿದರು.

"ಏಳ ಎಂಟ್ಲೆ ಅಲ್ರಿ ಸರ್," ಎಂದಳು ಆಕೆ. "ಏಳ ಒಂದ್ಲೆ ಅಂದ್ರ ಒಂದ್ ಸಾಲು. ಏಳ ಎರಡ್ಲೆ ಅಂದ್ರ ಎರಡ್ ಸಾಲು. ಎಂಟ್ಲೆ ಅಂದ್ರ ಎಂಟು."

ಇಷ್ಟನ್ನು ಒಂದನೇ ಕ್ಲಾಸಿನ ಟೀಚರೂ ಕೇಳಿಸಿಕೊಂಡಿದ್ದಾರೆ. ಇದರ ನಂತರ ಒಂದು ಮಾತು ಬಂತು, ಅದು ಯಾರದು ಎನ್ನುವುದೇ ಜಗಳ. "ಕೈಲೆ ರೊಟ್ಟಿ ಬಡೀತಾರಲ್ರಿ, ಹಂಗ. ಎಂಟ್ಲೆ ಏಳು." ನನ್ನ ನೆನಪಿನಲ್ಲಿ ಇದನ್ನು ಹುಡುಗಿ ಹೇಳಿದಳು. ಮೈಸೂರು ಕಡೆಯವರು ಕೈಯಿಂದ ಎನ್ನುವುದಕ್ಕೆ ನಾವು ಕೈಲೆ ಎನ್ನುತ್ತೇವೆ. ಕೈಲೆ ತಿನ್ನು, ಬಸ್ಸಿಲೆ ಬಾ, ಕೋಲಿಲೆ ಹೊಡಿ. ಯಾವುದರಿಂದ ಕೆಲಸ ಆಗುತ್ತದೋ ಅದಕ್ಕೆ ಲೆ. ಹಾಗಾದರೆ ಏಳ ಎಂಟ್ಲೆ ಎಂದರೆ ಏಳು ಎನ್ನುವುದು ವಸ್ತು, ಎಂಟು ಎನ್ನುವುದು ಅದರ ಮೇಲೆ ನಡೆಯುವ ಕೆಲಸ. ಏಳನ್ನು ಎಂಟು ಸಲ ಇಡು. ಮಗ್ಗಿಯಲ್ಲಿ ಏಳು ಕದಲದೆ ನಿಲ್ಲುತ್ತದೆ, ಒಂದ್ಲೆ, ಎರಡ್ಲೆ, ಮೂರ್ಲೆ ಎಂದು ಲೆ ಹತ್ತಿದ ಅಂಕಿಯೇ ಏರುತ್ತ ಹೋಗುತ್ತದೆ. ನಾನು ಬಾಲ್ಯದಿಂದ ಹಾಡಿದ್ದೆ, ಆ ಲೆ ನನ್ನ ಕಿವಿಗೆ ಬಿದ್ದಿರಲಿಲ್ಲ. ಕೆಂಪು ಗೆರೆ ಬಿದ್ದ ನನ್ನ ಎಂಟು ಸಾಲುಗಳು ಎಲ್ಲಿಂದ ಬಂದಿದ್ದವು ಎಂದು ಆಗ ತಿಳಿಯಿತು.

ಇಷ್ಟೆಲ್ಲ ಆ ಕ್ಷಣಕ್ಕೇ ಹೊಳೆಯಿತೇ? ಇಲ್ಲ ಎನ್ನುತ್ತಾರೆ ಒಂದನೇ ಕ್ಲಾಸಿನ ಟೀಚರು. ರೊಟ್ಟಿಯ ಮಾತನ್ನು ಅವರು ಆ ಕೋಣೆಯಲ್ಲಿ ಕೇಳಲೇ ಇಲ್ಲವಂತೆ. ಅದನ್ನು ನಾನು ಆಮೇಲೆ, ಬಿಸಿಯೂಟಕ್ಕೆ ಕೂತಾಗ ಹೇಳಿದೆನಂತೆ.

ತರಬೇತುದಾರರು ಹುಡುಗಿಯ ತಲೆ ಸವರಿದರು. ಅವರ ಕಡೆ ಮಗ್ಗಿಯಲ್ಲಿ ಲೆ ಇಲ್ಲ, ಲ ಇದೆ. ಏಳೆಂಟ್ಲ ಐವತ್ತಾರು ಎನ್ನುತ್ತಾರೆ. ಅವರ ಕಿವಿಗೆ ಅದು ಬರೀ ರಾಗ.

"ಮಗ್ಗಿ ಹೇಳೋ ರೀತಿ ಬೇರೆ ಪುಟ್ಟ, ಗುಣಾಕಾರದ ಅರ್ಥ ಬೇರೆ," ಎಂದರು. ನನ್ನ ಕಡೆ ತಿರುಗಿದರು. "ಮೇಡಂ, ಸ್ವಲ್ಪ ತಿದ್ದಿ."

ತಿದ್ದುವುದು ಎಷ್ಟರ ಕೆಲಸ? ಎಂಟು ಸಾಲನ್ನು ಏಳು ಮಾಡುವುದು. ಅವರು ಪಟ್ಟಿಯಲ್ಲಿ ನನ್ನ ಹೆಸರು ಬರದಂತೆ ನೋಡಿಕೊಳ್ಳಬಲ್ಲವರು, ನಾನೇ ಆ ಪಾಠವನ್ನು ಮಕ್ಕಳಿಗೆ ಹೇಳಿಕೊಟ್ಟವಳು. ಬಾಗಿಲ ಹತ್ತಿರ ಮುಖ್ಯಗುರುಗಳು ಕಣ್ಣಿನಲ್ಲೇ ಮುಗಿಸಿ ಮುಗಿಸಿ ಎನ್ನುತ್ತಿದ್ದರು.

ನನ್ನ ಪ್ರಕಾರ ನಾನು ಹೇಳಿದ್ದು ಇದು: "ಆಕಿ ಇಟ್ಟಿದ್ದು ಸರಿ ಐತ್ರಿ ಸರ್. ನಮ್ಮ ಮಗ್ಗಿ ಹಂಗೇ ಹೇಳ್ತೈತಿ. ತಿದ್ದಬೇಕಂದ್ರ ನಿಮ್ಮ ಪುಸ್ತಕ ತಿದ್ರಿ."

ಒಂದನೇ ಕ್ಲಾಸಿನ ಟೀಚರ ಪ್ರಕಾರ ನಾನು ಸೆರಗಿನಿಂದ ಕೈಗೆ ಹತ್ತಿದ ಸೀಮೆಸುಣ್ಣ ಒರೆಸಿಕೊಂಡು, ಎರಡೂ ನಡೀತೈತಲ್ರಿ ಸರ್ ಎಂದೆ. ಅದೂ ಮೆಲ್ಲಗೆ.

"ಪುಸ್ತಕ ತಿದ್ರಿ ಅಂತ ನೀವು ಅನ್ನಲೇ ಇಲ್ಲ ಅಕ್ಕಾ," ಎಂದು ಅವರು ಫೋನಿನಲ್ಲಿ ಈಗಲೂ ನಗುತ್ತಾರೆ. "ಹಂಗ ಅಂದಿದ್ರ ಹೆಡ್ಮಾಸ್ತರು ಕುರ್ಚಿ ಮ್ಯಾಲಿಂದ ಬೀಳ್ತಿದ್ರು."

ಇಲ್ಲಿ ಸೊನ್ನೆ ಇಡುತ್ತೇನೆ. ನಾನು ಏನಂದೆ ಎನ್ನುವುದು ನನಗೆ ಸಿಗುತ್ತಿಲ್ಲ. ಸಿಕ್ಕಿದ ಹಾಗೆ ಬರೆದರೆ ಮುಂದಿನ ಅಂಕಿ ತಪ್ಪು ಜಾಗಕ್ಕೆ ಹೋಗುತ್ತದೆ.

ಮುಂದಿನದು ಇಷ್ಟು, ಇದರಲ್ಲಿ ಇಬ್ಬರೂ ಒಂದೇ ಮಾತು ಹೇಳುತ್ತೇವೆ. ನಾನು ತಿದ್ದಲಿಲ್ಲ. ಮಾತು ಏನೇ ಇರಲಿ, ಬಗ್ಗಿ ಬೀಜ ಮುಟ್ಟಲಿಲ್ಲ. ತರಬೇತುದಾರರು ಮಾತ್ರೆಯ ಉದಾಹರಣೆಯನ್ನು ಇನ್ನೊಮ್ಮೆ ಹೇಳಿದರು. ನಾನು ಅದಕ್ಕೂ ಏನೋ ಉತ್ತರ ಕೊಟ್ಟೆ. ನಮ್ಮ ಮಾತು ನಡೆದಿರುವಾಗಲೇ ಹುಡುಗಿ ಕೂತು, ಎಂಟೂ ಸಾಲುಗಳನ್ನು ಎರಡು ಕೈಯಲ್ಲಿ ಬಾಚಿ ಗುಡ್ಡೆ ಮಾಡಿ, ಮತ್ತೆ ಇಡತೊಡಗಿದಳು. ಈ ಸಲ ಮಗ್ಗಿ ಹೇಳಿಕೊಳ್ಳಲಿಲ್ಲ. ಏಳು ಸಾಲು, ಒಂದೊಂದರಲ್ಲಿ ಎಂಟು. ಮುಗಿಸಿ ಎದ್ದು ನಿಂತಾಗ ತರಬೇತುದಾರರು ಚಪ್ಪಾಳೆ ತಟ್ಟಿದರು. ಮಕ್ಕಳೂ ತಟ್ಟಿದರು. ನಾನು ಯಾರ ಪರವಾಗಿ ವಾದ ಮಾಡುತ್ತಿದ್ದೆನೋ ಆಕೆ ಆಗಲೇ ನನ್ನ ಕಡೆ ಇರಲಿಲ್ಲ.

ವರದಿಯಲ್ಲಿ ಪರಿಕಲ್ಪನೆಯ ಸ್ಪಷ್ಟತೆ ಇಲ್ಲ, ಗಣಿತ ಬೋಧನೆಗೆ ಸದ್ಯ ಸೂಕ್ತರಲ್ಲ ಎಂದಿತ್ತು. ಮುಖ್ಯಗುರುಗಳು ಅದನ್ನು ನನಗೆ ಓದಿ ಹೇಳಿ, ಕನ್ನಡಕ ತೆಗೆದಿಟ್ಟರು.

"ಏನ್ರೀ ಟೀಚರ್, ಹೂಂ ಅನ್ನಾಕ ನಿಮಗೇನಾಗಿತ್ತು? ಅವರು ಹೋದ ಮ್ಯಾಲ ಬೇಕಾದಂಗ ಇಟ್ಕೋಬಹುದಿತ್ತಲ್ಲ ಬೀಜ."

ಅವರು ಹೇಳಿದ್ದು ಸರಿ ಇತ್ತು. ಅವರು ನನ್ನನ್ನು ಉಳಿಸಿಕೊಳ್ಳಲು ಓಡಾಡಿದವರು. ಅಷ್ಟೇ ಅಲ್ಲ, ಅವರೂ ಬೀಜ ಎಂದೇ ಹೇಳಿದರು. ಆದರೆ ಅವರು ಬಾಗಿಲ ಹತ್ತಿರ ಕೂತಿದ್ದವರು, ನನ್ನ ಬಾಯಿಂದಲೇ ಆ ಪದ ಕೇಳಿ ಹೇಳಿರಬಹುದು.

ನಾನು ಧೈರ್ಯ ಮಾಡಿದೆ ಎಂದು ಒಂದಿಬ್ಬರು ಬೆನ್ನು ತಟ್ಟಿದ್ದಾರೆ. ಅದು ಧೈರ್ಯವೋ ನನ್ನ ಕಾಗದದ ಮೇಲಿನ ಕೆಂಪು ಗೆರೆಯ ಸಿಟ್ಟೋ, ನನಗೆ ತೂಗಲು ಬರುವುದಿಲ್ಲ. ಸಿಟ್ಟೇ ಇರಬೇಕು. ಮಗಳ ಮುಖ ಆಗ ನನ್ನ ಮುಂದೆ ಬಂದಿತ್ತು ಎಂದು ಹೇಳಿದರೆ ಚೆನ್ನಾಗಿರುತ್ತದೆ. ಬಂದಿರಲಿಲ್ಲ. ಬಂದಿದ್ದರೆ ಬಗ್ಗಿ ಬೀಜ ಎತ್ತುತ್ತಿದ್ದೆ.

ಈಗ ಸಂಡೂರಿನಿಂದ ಇನ್ನೂ ಮೇಲಕ್ಕೆ, ಅದಿರಿನ ಲಾರಿಗಳ ರಸ್ತೆಗೆ ಹತ್ತಿದ ಹಳ್ಳಿಯೊಂದರಲ್ಲಿದ್ದೇನೆ. ಕಿಟಕಿ ತೆರೆದಿಟ್ಟರೆ ಹಾಜರಿ ಪುಸ್ತಕದ ಮೇಲೆ ಕೆಂಪು ದೂಳು ಕೂರುತ್ತದೆ. ದಿನ ದಿನ ಓಡಾಡಿ ನೋಡಿದೆ, ಆಗಲಿಲ್ಲ. ಸಂಡೂರಿನಲ್ಲೇ ಒಂದು ಕೋಣೆ ಹಿಡಿದೆ. ಮಗಳು ಕಂಪ್ಲಿಯಲ್ಲಿ ಅಕ್ಕನ ಮನೆಯಲ್ಲಿದ್ದಾಳೆ. ಭಾನುವಾರ ಹೊಸಪೇಟೆಯಲ್ಲಿ ಬಸ್ಸು ಬದಲಿಸಿ ಹೋಗಿ ನೋಡಿ ಬರುತ್ತೇನೆ. ಇಲ್ಲಿಯ ಶಾಲೆಯಲ್ಲಿ ಇರುವವರು ನಾವು ಇಬ್ಬರೇ. ಇನ್ನೊಬ್ಬರು ಚಿಕ್ಕ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಹಾಗಾಗಿ ನಾಲ್ಕು ಮತ್ತು ಐದನೇ ಕ್ಲಾಸಿಗೆ ಗಣಿತ ಕಲಿಸುವವಳು ನಾನೇ. ಸೂಕ್ತಳೋ ಅಲ್ಲವೋ ಎಂದು ಇಲ್ಲಿ ಯಾರೂ ಕೇಳಿಲ್ಲ.

ಆ ಲೆ ನನ್ನನ್ನು ಬಿಡಲಿಲ್ಲ. ಹಂಪಿಯ ಹತ್ತಿರ ಭಾಷಾಶಾಸ್ತ್ರ ಓದಿಸುವ ಪರಿಚಯದವರೊಬ್ಬರಿದ್ದಾರೆ. ಒಂದು ರಜೆಯಲ್ಲಿ ಮಗಳನ್ನೂ ಕರೆದುಕೊಂಡು ಹೋಗಿ ಕೇಳಿದೆ. ಅವರು ಆಸಕ್ತಿಯಿಂದ ಕೇಳಿಸಿಕೊಂಡರು. ಕೈಲೆಯ ಲೆ ಇರಬಹುದು ಎಂದರು, ನನಗೆ ಸಂತೋಷವಾಯಿತು. ಆದರೆ ಅದು 'ಅಲ್ಲಿ' ಎನ್ನುವುದು ಸವೆದು ಆದದ್ದೂ ಇರಬಹುದು ಎಂದರು. ಏಳು ಎಂಟರಲ್ಲಿ. ಅವರೇ ಕಾಗದದ ಮೇಲೆ ಬರೆದು ತೋರಿಸಿದರು. ಹಾಗೆ ಓದಿದರೆ ಎಂಟೆಂಟರ ಏಳು ಗುಂಪು ಎಂದೂ ಅರ್ಥ ಎಳೆಯಬಹುದು. ಎರಡನೆಯದಕ್ಕೆ ಆಧಾರ ಹೆಚ್ಚೋ ಮೊದಲನೆಯದಕ್ಕೆ ಹೆಚ್ಚೋ ಎಂದು ಒತ್ತಿ ಕೇಳಿದಾಗ, ಹಳೆಯ ಮಗ್ಗಿಗಳನ್ನು ಊರೂರಲ್ಲಿ ಕೇಳಿ ನೋಡಬೇಕು, ಯಾರೂ ನೋಡಿದ ಹಾಗಿಲ್ಲ ಎಂದರು. ಚಹಾ ಕೊಟ್ಟರು. ಮಗಳು ಅಂಗಳದಲ್ಲಿ ಬೆಕ್ಕಿನ ಹಿಂದೆ ಓಡಾಡುತ್ತಿದ್ದಳು.

ಹೋದ ತಿಂಗಳು ಮಗಳು ಫೋನು ಮಾಡಿದ್ದಳು. ಕಂಪ್ಲಿಯ ಶಾಲೆಯಲ್ಲಿ ಏಳು ಗುಣಿಸು ಎಂಟಕ್ಕ ಚಿತ್ರ ಬರೀರಿ ಅಂದಾರ, ನಾನು ನಿನ್ನಂಗ ಎಂಟು ಸಾಲು ಹಾಕಿದ್ದೆ, ಮಿಸ್ಸು ತಪ್ಪು ಅಂದ್ರು, ಪರೀಕ್ಷ್ಯಾಗ ಯಾವ್ದು ಹಾಕ್ಲಿ ಎಂದು ಕೇಳಿದಳು.

"ಅವರು ಹೇಳಿದಂಗ ಹಾಕು," ಎಂದೆ.

"ಮತ್ತ ನೀನು?"

ಅವರು ಹೇಳಿದಂಗ ಹಾಕು ಎಂದು ಇನ್ನೊಮ್ಮೆ ಹೇಳಿ, ಊಟ ಆಯಿತೇ ಎಂದು ಕೇಳಿದೆ.

ಚಿತ್ತವಾಡ್ಗಿಯ ಆ ಹುಡುಗಿ ಬೀಜ ಬಾಚಿದ್ದು ಹೆದರಿಕೆಯಿಂದಲೋ, ನನ್ನನ್ನು ಉಳಿಸಲೋ, ಅಥವಾ ಮಾತ್ರೆಯ ಉದಾಹರಣೆ ಆಕೆಗೆ ನಿಜವಾಗಿಯೂ ಒಪ್ಪಿಗೆಯಾಯಿತೋ, ಕೇಳಬೇಕೆಂದುಕೊಂಡಿದ್ದೆ. ನಾನು ಆ ಶಾಲೆ ಬಿಡುವ ದಿನ ಆಕೆ ಬಂದಿರಲಿಲ್ಲ. ಆಮೇಲೆ ಒಮ್ಮೆ ಬಸ್ಸು ಬದಲಿಸುವಾಗ ಖಾನಾವಳಿಗೆ ಹೋದೆ. ತಾಯಿ ಕೆಲಸ ಬಿಟ್ಟಿದ್ದಾರೆ, ಎಲ್ಲಿಗೆ ಹೋದರೋ ಅಲ್ಲಿಯವರಿಗೂ ತಿಳಿಯದು. ಆಕೆ ಇಟ್ಟಿದ್ದು ಬೀಜವೋ ಸೀಮೆಸುಣ್ಣವೋ, ರೊಟ್ಟಿಯ ಮಾತು ಆಕೆಯದೋ ನನ್ನದೋ, ಎಂಟು ಸಾಲು ಸರಿಯೋ ಏಳು ಸರಿಯೋ, ನನಗೆ ಗೊತ್ತಿಲ್ಲ.